ಮೊರೆ ಹೊರಟ ದಾರಿ: ಸೋಲ್ ಸಂಗೀತದ ಹುಟ್ಟು ಮತ್ತು ವಿಜಯಪುರ ಸೀಮೆಯ ಹಾಡುಗಾರಿಕೆ

ಗುರುವಿದ್ಯಾಮಂದಿರಗಳ ಸಂಗೀತ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆಯೊಂದಿದೆ. ಶನಿವಾರ ರಾತ್ರಿ ಮದುವೆಯ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡಿದ ಯುವಕನು ಭಾನುವಾರ ಬೆಳಿಗ್ಗೆ ಬಲಿಪೂಜೆಯಲ್ಲಿ ಕೀರ್ತನೆಯನ್ನು ಹಾಡಬಹುದೇ? ಜಾತ್ರೆಯ ನಾಟಕದ ಮಟ್ಟಿಗೆ ದೇವಸ್ತುತಿಯನ್ನು ಹೊಂದಿಸಬಹುದೇ? ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಪವಿತ್ರವಾದುದು ರಂಗಸ್ಥಳದ ಸೋಂಕಿನಿಂದ ಕೆಡುತ್ತದೆ ಎಂಬುದು ಒಂದು. ಸಂಗೀತಕ್ಕೆ ಜಾತಿಯಿಲ್ಲ, ಎಲ್ಲವೂ ದೇವರದೇ ಎಂಬುದು ಇನ್ನೊಂದು. ಮೊದಲನೆಯದು ಇತಿಹಾಸವನ್ನು ಓದಿಲ್ಲ. ಎರಡನೆಯದು ಹಾಡನ್ನು ಕಿವಿಗೊಟ್ಟು ಕೇಳಿಲ್ಲ. ಎರಡೂ ಮಟ್ಟನ್ನು ಮಾತ್ರ ನೋಡುತ್ತವೆ. ದೇವಾಲಯದಿಂದ ರಂಗಕ್ಕೂ ರಂಗದಿಂದ ದೇವಾಲಯಕ್ಕೂ ಸಾಗಿಹೋಗುವುದು ಮುಖ್ಯವಾಗಿ ಮಟ್ಟಲ್ಲ, ಮೊರೆ. ಅಂದರೆ ಒಬ್ಬರು ಇನ್ನೊಬ್ಬರ ಮುಂದೆ ನಿಂತು ನಾಚಿಕೆ ತೊರೆದು ಕೂಗಿ ಕರೆಯುವ ದನಿಯ ನಿಲುವು ಎಂಬುದು ಈ ಲೇಖನದಲ್ಲಿ ನಾವು ತೋರಿಸಬಯಸುವ ಸಂಗತಿ. ಇದಕ್ಕೆ ಜಗತ್ತು ಬಲ್ಲ ಒಂದು ನಿದರ್ಶನ ಅಮೆರಿಕದ ಕರಿಯ ಜನರ ಸೋಲ್ ಸಂಗೀತ. ಅದಕ್ಕಿಂತ ಹಳೆಯದಾದ ಇನ್ನೊಂದು ನಿದರ್ಶನ ನಮ್ಮ ಕಾಲಬುಡದಲ್ಲಿ, ವಿಜಯಪುರ, ತಿಕೋಟಾ, ಬಬಲೇಶ್ವರಗಳ ನೆಲದಲ್ಲಿದೆ. ಹೆಚ್ಚು ಸ್ಪಷ್ಟವಾಗಿ ದಾಖಲಾಗಿರುವ ಮೊದಲನೆಯದನ್ನು ಅರಿತರೆ ಎರಡನೆಯದನ್ನು ಗುರುತಿಸುವುದು ಸುಲಭ.

ಮೂರು ತೊರೆಗಳು

ಕನ್ನಡದ ಕಿವಿಗೆ ‘ಸೋಲ್’ ಎಂದರೆ ಸೋಲು. ಇಂಗ್ಲಿಷಿನಲ್ಲಿ ಅದಕ್ಕೆ ಆತ್ಮವೆಂದು ಅರ್ಥ. ಈ ಹಾಡುಗಳನ್ನು ಕೇಳಿದವರಿಗೆ ಎರಡೂ ಅರ್ಥಗಳು ಒಪ್ಪಿಗೆಯಾಗುವುದುಂಟು. 1950ರ ದಶಕದಲ್ಲಿ ರೂಪುಗೊಂಡ ಈ ಸಂಗೀತಕ್ಕೆ ಮೂರು ತೊರೆಗಳು ಬಂದು ಸೇರಿದವು. ದನಿಯು ಗಾಸ್ಪೆಲ್‌ನಿಂದ, ಅಂದರೆ ಕರಿಯರ ದೇವಾಲಯಗಳ ಶುಭಸಂದೇಶ ಗೀತೆಗಳಿಂದ ಬಂದಿತು. ವಾದ್ಯಮೇಳದ ಜಾಣ್ಮೆ ಮತ್ತು ಸ್ವರಸಂಯೋಜನೆ ಜಾಸ್‌ನಿಂದ ಬಂದವು. ಅನ್ನವೂ ಕೇಳುಗರೂ ಕ್ಲಬ್ಬುಗಳಿಂದ ಮತ್ತು ರಂಗಮಂದಿರಗಳಿಂದ ಬಂದರು. ವರ್ಣಭೇದವು ಬಿಳಿಯರ ಸಭಾಂಗಣಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಅಪೋಲೊ, ಷಿಕಾಗೊದ ರೀಗಲ್ ಮುಂತಾದ ರಂಗಮಂದಿರಗಳೂ ಊರೂರಿನ ಸಣ್ಣ ಕ್ಲಬ್ಬುಗಳೂ ಕರಿಯ ಕಲಾವಿದರ ಸಂಚಾರಮಾರ್ಗವಾಗಿದ್ದವು.

ದೇವಾಲಯದ ಹಾಡು ಕ್ಲಬ್ಬಿಗೆ ಹೋಗಿ ಕೆಟ್ಟಿತು ಎಂದು ಹೇಳುವವರು ಮೊದಲು ಗಮನಿಸಬೇಕಾದ ವ್ಯಕ್ತಿ ಥಾಮಸ್ ಡಾರ್ಸಿ. ಬ್ಯಾಪ್ಟಿಸ್ಟ್ ಬೋಧಕರ ಮಗನಾದ ಈತ ಪ್ರಸಿದ್ಧ ಬ್ಲೂಸ್ ಗಾಯಕಿ ಮಾ ರೇನಿಯ ಮೇಳದಲ್ಲಿ ಪಿಯಾನೊ ನುಡಿಸುತ್ತಿದ್ದವನು. 1928ರಲ್ಲಿ ಟ್ಯಾಂಪಾ ರೆಡ್ ಎಂಬ ಜೊತೆಗಾರನೊಂದಿಗೆ ತಂದ ತುಂಟ ಶೃಂಗಾರದ ಹಾಡೊಂದು ಭಾರಿ ಮಾರಾಟವಾಯಿತು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡಳು, ಬೆನ್ನಲ್ಲೇ ಹಸುಗೂಸೂ ತೀರಿತು. ಆ ದುಃಖದಲ್ಲಿ ಅವನು ರಚಿಸಿದ, ಕೈಹಿಡಿದು ನಡೆಸೆಂದು ಪ್ರಭುವನ್ನು ಬೇಡುವ ಗೀತೆ ಇಂದು ಜಗತ್ತಿನ ನಾನಾ ಭಾಷೆಗಳಲ್ಲಿ ಹಾಡಲ್ಪಡುತ್ತಿದೆ. ಡಾರ್ಸಿಯ ಗೀತೆಗಳಲ್ಲಿ ಬ್ಲೂಸ್‌ನ ವಾಸನೆಯಿದೆ ಎಂದು ಹಲವು ದೇವಾಲಯಗಳು ಮೊದಲು ಅವನ್ನು ಹೊರಗಿಟ್ಟವು. ಹೀಗೆ ಮುಂದೆ ‘ಶುದ್ಧ’ವೆಂದು ಕಾಪಾಡಲ್ಪಟ್ಟ ಗಾಸ್ಪೆಲ್ ಸ್ವತಃ ಕ್ಲಬ್ಬಿನಿಂದ ದೇವಾಲಯಕ್ಕೆ ನಡೆದು ಬಂದದ್ದು.

ಹಿಂದಿರುಗುವ ಪಯಣ ರೇ ಚಾರ್ಲ್ಸ್‌ನಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡು, ಫ್ಲಾರಿಡಾದ ಅಂಧ ಮಕ್ಕಳ ಶಾಲೆಯಲ್ಲಿ ಕಲಿತು, ಜಾಸ್ ಗಾಯಕ ನ್ಯಾಟ್ ಕಿಂಗ್ ಕೋಲ್‌ನ ಶೈಲಿಯನ್ನು ಅನುಕರಿಸಿ ಹೊಟ್ಟೆ ಹೊರೆಯುತ್ತಿದ್ದ ಆತ 1954ರ ನವೆಂಬರಿನಲ್ಲಿ ಅಟ್ಲಾಂಟಾದಲ್ಲಿ ಒಂದು ಹಾಡನ್ನು ಮುದ್ರಿಸಿದ. ಯೇಸುವನ್ನು ಸ್ತುತಿಸುವ ಒಂದು ಗಾಸ್ಪೆಲ್ ಗೀತೆ ಆ ದಿನಗಳಲ್ಲಿ ರೇಡಿಯೊದಲ್ಲಿ ಕೇಳಿಬರುತ್ತಿತ್ತು. ಚಾರ್ಲ್ಸ್ ಅದರ ಜಾಡನ್ನೇ ಹಿಡಿದು, ಯೇಸು ಇದ್ದ ಜಾಗದಲ್ಲಿ ತನ್ನ ಪ್ರಿಯೆಯನ್ನು ಇಟ್ಟ. 1955ರಲ್ಲಿ ಅದು ಕರಿಯರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಕ್ಷೇಪವೆತ್ತಿದವರು ಬೋಧಕರು ಮಾತ್ರವಲ್ಲ. ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂನ್ಜಿಯೂ ಇದು ದೇವಾಲಯದಲ್ಲಿ ಇರಬೇಕಾದ ದನಿ ಎಂದು ಮುನಿದ. ಕ್ಲಬ್ಬಿನವನಿಗೂ ಗೆರೆಯ ಅರಿವಿತ್ತು ಎಂಬುದು ಗಮನಾರ್ಹ.

ಗೆರೆ ದಾಟಿದ್ದಕ್ಕೆ ಬೆಲೆ ತೆತ್ತವನು ಸ್ಯಾಮ್ ಕುಕ್. ಬೋಧಕರ ಮಗ, ‘ಸೋಲ್ ಸ್ಟರರ್ಸ್’ ಎಂಬ ಗಾಸ್ಪೆಲ್ ತಂಡದ ಮುಖ್ಯ ಗಾಯಕ. 1956ರಲ್ಲಿ ತನ್ನದೇ ದೈವಸ್ತುತಿಯನ್ನು ಪ್ರಣಯಗೀತೆಯಾಗಿ ಮಾರ್ಪಡಿಸಿದಾಗ ಭಕ್ತರ ಕೋಪಕ್ಕೆ ಹೆದರಿ ಡೇಲ್ ಕುಕ್ ಎಂಬ ಸುಳ್ಳು ಹೆಸರಿನಲ್ಲಿ ಹೊರತಂದ. ದನಿಗೆ ಮುಸುಕು ಹಾಕಲಾಗಲಿಲ್ಲ, ಕೇಳಿದವರೆಲ್ಲ ಗುರುತಿಸಿದರು. ಮರುವರ್ಷ ಅವನ ಸ್ವಂತ ಹೆಸರಿನ ಹಾಡು ದೇಶವನ್ನೇ ಗೆದ್ದಿತು, ಆದರೆ ಗಾಸ್ಪೆಲ್ ಸಭೆಗಳು ಅವನನ್ನು ಮೊದಲಿನಂತೆ ಬರಮಾಡಿಕೊಳ್ಳಲಿಲ್ಲ. ಅರೀಥಾ ಫ್ರಾಂಕ್ಲಿನ್‌ಳ ಪಾಡು ಬೇರೆ. ಡೆಟ್ರಾಯಿಟಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ದೇವಾಲಯದಲ್ಲಿ ತಂದೆಯ ಪ್ರಬೋಧನೆಗಳ ನಡುವೆ ಹಾಡುತ್ತ ಬೆಳೆದ ಆಕೆ ಸೋಲ್ ಸಂಗೀತದ ರಾಣಿಯೆನಿಸಿದ ಮೇಲೆ, 1972ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ದೇವಾಲಯವೊಂದರಲ್ಲಿ ಎರಡು ರಾತ್ರಿ ಗಾಸ್ಪೆಲ್ ಹಾಡಿ ಮುದ್ರಿಸಿದಳು. ಆಕೆ ದೇವಾಲಯವನ್ನು ಬಿಟ್ಟವಳೇ ಅಲ್ಲ ಎಂದು ತಂದೆ ಅಲ್ಲಿ ಎದ್ದುನಿಂತು ಸಾರಿದರು. ಕುಕ್‌ಗೆ ಅಂಥದೊಂದು ಮಾತನ್ನು ಸಭೆಯ ಮುಂದೆ ಹೇಳುವವರು ಸಿಕ್ಕಿರಲಿಲ್ಲ.

ವಾದ್ಯಗಳೂ ಇದೇ ದಾರಿಯನ್ನು ತುಳಿದಿವೆ. ದೊಡ್ಡ ಕೊಳವೆ ಆರ್ಗನ್ ಕೊಳ್ಳಲಾರದ ದೇವಾಲಯಗಳಿಗೆ ಅಗ್ಗದ ಬದಲಿಯಾಗಿ 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ 1950ರ ದಶಕದಲ್ಲಿ ಜಿಮ್ಮಿ ಸ್ಮಿತ್‌ನ ಕೈಯಲ್ಲಿ ಜಾಸ್ ಕ್ಲಬ್ಬಿನ ವಾದ್ಯವಾಯಿತು, ಅಲ್ಲಿಂದ ಸೋಲ್ ಸಂಗೀತದ ಮೈಯೊಳಗೆ ಸೇರಿತು. ನಮ್ಮ ಹಾರ್ಮೋನಿಯಮ್ಮಿನ ಕಥೆ ಇದಕ್ಕಿಂತ ಸ್ವಾರಸ್ಯಕರ. 1840ರ ದಶಕದ ಆರಂಭದಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಮಿಷನರಿಗಳ ಪ್ರಾರ್ಥನೆಯೊಡನೆಯೂ ಭಾರತಕ್ಕೆ ಬಂದಿತು. ಕೋಲ್ಕತ್ತದಲ್ಲಿ ಕೈಯಿಂದ ಗಾಳಿ ಒತ್ತುವ ರೂಪ ತಾಳಿ, ನಾಟಕ ಕಂಪನಿಗಳ ‘ಕಾಲುಪೇಟಿ’ಯಾಗಿ, ಹಳ್ಳಿಯ ಭಜನಾ ಮೇಳಗಳ ‘ಪೇಟಿ’ಯಾಗಿ ಹರಡಿತು. ಶಾಸ್ತ್ರೀಯ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿ 1971ರವರೆಗೆ ಹೊರಗಿಟ್ಟಿತು. ಇಂದು ಬಲಿಪೂಜೆಯಲ್ಲಿ ಪೇಟಿ ಬಾರಿಸುವುದು ‘ದೇಶೀಯತೆ’ಯ ಗುರುತೆಂದು ನಾವು ಹೆಮ್ಮೆ ಪಡುತ್ತೇವೆ. ಪ್ಯಾರಿಸಿನಿಂದ ಹೊರಟದ್ದು ಕಂಪನಿಯ ಡೇರೆಯನ್ನು ಹಾಯ್ದು ಮರಳಿ ವೇದಿಕೆಯ ಬಳಿಗೆ ಬಂದಿದೆ, ಅಷ್ಟೇ.

ಬೀಸುವ ಕಲ್ಲಿನಿಂದ ನವರಸಪುರದವರೆಗೆ

ವಿಜಯಪುರದಲ್ಲಿ ಈ ಕೊಡುಕೊಳೆಯ ಮೊದಲ ಘಟ್ಟ ಮನೆಯ ಬೀಸುವ ಕಲ್ಲಿನ ಮುಂದೆ ನಡೆಯಿತು. ನಗರದ ಹೊರವಲಯದ ಶಾಹಪುರ ದಿಬ್ಬದಲ್ಲಿ ನೆಲೆಸಿದ್ದ ಚಿಶ್ತಿ ಸೂಫಿಗಳಾದ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಮತ್ತು ಅವರ ಶಿಷ್ಯರು ವಿದ್ವತ್ತಿನ ಪಾರಸಿಯನ್ನು ಬದಿಗಿಟ್ಟು ಜನರ ದಖನಿಯಲ್ಲಿ ಬರೆದರು. ಈ ಪರಂಪರೆಯಿಂದ ಹುಟ್ಟಿದ ‘ಚಕ್ಕಿನಾಮಾ’ ‘ಚರಖಾನಾಮಾ’ಗಳು ಹೆಂಗಸರು ಬೀಸುವಾಗ, ನೂಲುವಾಗ ಹಾಡುತ್ತಿದ್ದ ಹಾಡುಗಳ ಮಟ್ಟಿನಲ್ಲೇ ದೈವಸ್ಮರಣೆಯನ್ನು ಹೆಣೆದವು. ಬೀಸುವ ಕಲ್ಲಿನ ನೆಟ್ಟಗಿನ ಗೂಟವು ಅರಬ್ಬಿ ವರ್ಣಮಾಲೆಯ ಮೊದಲ ಅಕ್ಷರವಾದ ಅಲಿಫ್‌ನಂತಿದೆ, ಅಲಿಫ್ ಎಂದರೆ ಅಲ್ಲಾಹನ ಹೆಸರಿನ ಮೊದಲಕ್ಷರ. ಆದ್ದರಿಂದ ಗೂಟ ಹಿಡಿದು ತಿರುಗಿಸುವವಳು ಆ ಹೆಸರನ್ನೇ ಹಿಡಿದಿದ್ದಾಳೆ ಎಂಬುದು ಅಲ್ಲಿನ ಭಾವ. ರಿಚರ್ಡ್ ಈಟನ್ ಎಂಬ ಇತಿಹಾಸಕಾರರು 1978ರಲ್ಲಿ ಪ್ರಕಟಿಸಿದ ವಿಜಾಪುರದ ಸೂಫಿಗಳ ಅಧ್ಯಯನದಲ್ಲಿ ಈ ಹಾಡುಗಳೇ ಸೂಫಿ ವಿಚಾರವನ್ನು ಮಸೀದಿಯ ಮೆಟ್ಟಿಲೇರದ ಹೆಂಗಸರ ಬಳಿಗೆ ಒಯ್ದವೆಂದು ವಿವರಿಸಿದ್ದಾರೆ. ರೇ ಚಾರ್ಲ್ಸ್ ದೇವರನ್ನು ತೆಗೆದು ಪ್ರಿಯೆಯನ್ನಿಟ್ಟ. ಶಾಹಪುರದವರು ದುಡಿಮೆಯ ಹಾಡಿನೊಳಗೆ ದೇವರನ್ನಿಟ್ಟರು. ಕೆಲಸ ಒಂದೇ, ದಿಕ್ಕು ಬೇರೆ.

ಕನ್ನಡದ ಬೀಸುವ ಪದಗಳಲ್ಲಿಯೂ ಶಿವನನ್ನು, ತವರನ್ನು, ಅಣ್ಣನನ್ನು ಒಂದೇ ಉಸಿರಿನಲ್ಲಿ ಕರೆಯುವುದನ್ನು ನಾವು ಬಲ್ಲೆವು. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಈ ಪದಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದ್ದು ನಮ್ಮ ಸಾಹಿತ್ಯದಲ್ಲಿ ದೊಡ್ಡ ಘಟನೆ. ಅದೇ ಹಲಸಂಗಿಯಲ್ಲಿ ಖಾಜಾಭಾಯಿಯ ಲಾವಣಿಗಳು ಹುಟ್ಟಿದವು. ಗರತಿಯ ಒಳಮನೆಯೂ ಲಾವಣಿಯ ಬಯಲೂ ಒಂದೇ ಊರಿನವು.

ತಿಕೋಟಾ ಕಡೆಗೆ ಹೊರಟರೆ ನಗರದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ತೊರವಿ ಸಿಗುತ್ತದೆ. ನರಹರಿ ಕವಿ ‘ತೊರವೆ ರಾಮಾಯಣ’ವನ್ನು ಅಲ್ಲಿಯ ನರಸಿಂಹನ ಸನ್ನಿಧಿಗೆ ಅರ್ಪಿಸಿದ, ಸುಮಾರು ನೂರು ವರ್ಷಗಳ ತರುವಾಯ, 1599ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಅದೇ ಬದಿಯಲ್ಲಿ ಸಂಗೀತಕ್ಕೆಂದೇ ನವರಸಪುರವೆಂಬ ಪಟ್ಟಣವನ್ನು ಕಟ್ಟತೊಡಗಿದ. ಅದು ಪೂರ್ಣಗೊಳ್ಳಲಿಲ್ಲ, 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಉಳಿದಿರುವ ಸಂಗೀತ ಮಹಲಿನ ಕಮಾನುಗಳನ್ನು ಇಂದೂ ನೋಡಬಹುದು. ಈ ಅರಸನ ‘ಕಿತಾಬೆ ನವರಸ್’ನಲ್ಲಿ ರಾಗಗಳಿಗೆ ಹೊಂದಿಸಿದ 59 ಪದಗಳಿವೆ. ಸರಸ್ವತಿ, ಗಣಪತಿ, ಕಲಬುರಗಿಯ ಬಂದೇನವಾಜ್ ಗೇಸುದರಾಜರು, ಅರಸನ ನೆಚ್ಚಿನ ಆನೆ ಆತಿಶ್‌ಖಾನ್, ಅವನ ತಂಬೂರ ಮೋತಿಖಾನ್, ಎಲ್ಲರೂ ಒಂದೇ ಹೊತ್ತಗೆಯಲ್ಲಿ ಸ್ತುತಿ ಪಡೆಯುತ್ತಾರೆ. ಇದನ್ನು ಸರ್ವಧರ್ಮ ಸಮನ್ವಯವೆಂದು ಕೊಂಡಾಡುವುದು ವಾಡಿಕೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇಷ್ಟು: ಆನೆಯ ಮುಂದೆ ನಿಂತಾಗಲೂ ಸಂತರ ಮುಂದೆ ನಿಂತಾಗಲೂ ಹಾಡುವವನ ನಿಲುವು ಒಂದೇ ಬಗೆಯದು. ಸ್ತುತಿಯೆಂಬುದು ಮೊದಲು ಒಂದು ನಡವಳಿಕೆ. ಅದು ಯಾರಿಗೆ ಸಲ್ಲುತ್ತದೆ ಎಂಬುದು ಎರಡನೆಯ ಪ್ರಶ್ನೆ. ಈ ಎರಡನೆಯ ಪ್ರಶ್ನೆ ಹಗುರವಾದುದಲ್ಲ. ವಿಗ್ರಹಾರಾಧನೆಯ ಕುರಿತ ಪ್ರವಾದಿಗಳ ಗುಡುಗೆಲ್ಲ ಅದರ ಬಗೆಗೇ.

ಇತ್ತ ಬಬಲೇಶ್ವರ ತಾಲ್ಲೂಕಿನ ಕಾಖಂಡಕಿಯಲ್ಲಿ ಹದಿನೇಳನೆಯ ಶತಮಾನದ ಮಹಿಪತಿದಾಸರು ಹಾಡಿದರು. ಆದಿಲ್‌ಶಾಹಿ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಅವರ ಮನಸ್ಸನ್ನು ಶಾಹನುಂಗಿ ಎಂಬ ಸೂಫಿಯ ಭೇಟಿ ತಿರುಗಿಸಿತೆಂದೂ, ಸಾರವಾಡದ ಭಾಸ್ಕರಸ್ವಾಮಿಗಳು ಉಪದೇಶವಿತ್ತರೆಂದೂ ಪರಂಪರೆ ಹೇಳುತ್ತದೆ. ಅವರ ಕೀರ್ತನೆಗಳು ಕನ್ನಡದಲ್ಲಿವೆ, ಮರಾಠಿಯಲ್ಲಿವೆ, ದಖನಿಯಲ್ಲೂ ಇವೆ. ಕಚೇರಿಯ ಭಾಷೆ, ಸಂತೆಯ ಭಾಷೆ, ಮನೆಯ ಭಾಷೆ ಮೂರೂ ಅವರ ಮೊರೆಗೆ ಒದಗಿದವು. ಇಂದಿಗೂ ಈ ಭಾಗದ ಹಳ್ಳಿಗಳಲ್ಲಿ ಭಜನಾ ಪದ, ಡೊಳ್ಳಿನ ಪದ, ಗೀಗೀ ಪದಗಳು ರಾತ್ರಿಯಿಡೀ ನಡೆಯುತ್ತವೆ. ಶಿವ ಮೇಲೋ ಶಕ್ತಿ ಮೇಲೋ ಎಂದು ಗಂಡಸರ ಹರದೇಶಿ ಮೇಳವೂ ಹೆಂಗಸರ ನಾಗೇಶಿ ಮೇಳವೂ ಸವಾಲು ಜವಾಬಿನಲ್ಲಿ ತೊಡಗಿದಾಗ, ಅದು ದೇವಶಾಸ್ತ್ರವೋ ಮನರಂಜನೆಯೋ ಎಂದು ಕೇಳಿದರೆ ನೆರೆದ ಜನ ನಕ್ಕಾರು.

ಡೇರೆ, ತಟ್ಟೆ, ಬೆಳ್ಳಿತೆರೆ

ಅಮೆರಿಕದ ಕ್ಲಬ್ಬಿಗೆ ಸಮನಾದದ್ದು ನಮ್ಮಲ್ಲಿ ನಾಟಕ ಕಂಪನಿಯ ಡೇರೆ. ಅಂದಿನ ವಿಜಾಪುರ ಜಿಲ್ಲೆ ಕಂಪನಿ ನಾಟಕಗಳ ತವರುಗಳಲ್ಲೊಂದು. ‘ರಕ್ತರಾತ್ರಿ’ಯಂಥ ನಾಟಕಗಳನ್ನು ಬರೆದ ಕಂದಗಲ್ ಹನುಮಂತರಾಯರು ಈ ನೆಲದವರು, ವಿಜಯಪುರದ ರಂಗಮಂದಿರ ಅವರ ಹೆಸರನ್ನು ಹೊತ್ತಿದೆ. ಕಂಪನಿಯ ಹಾಡು ಮೂರು ಕಡೆಯಿಂದ ಉಂಡು ಬೆಳೆಯಿತು. ಭಜನೆ, ವಚನ, ದಾಸರ ಪದಗಳಿಂದ ದನಿಯ ಮೊರೆ. ಅಬ್ದುಲ್ ಕರೀಂ ಖಾನರಂಥವರು ಈ ಸೀಮೆಯಲ್ಲಿ ಸಂಚರಿಸಿ ನೆಲೆಯೂರಿಸಿದ ಹಿಂದುಸ್ತಾನಿ ಗಾಯಕಿಯಿಂದ ರಾಗದ ಹದ. ಟಿಕೆಟ್ಟು ಕೊಂಡು ಬರುವ ಪ್ರೇಕ್ಷಕರಿಂದ ಅನ್ನ. ಸವಾಯಿ ಗಂಧರ್ವರು ರಂಗನಟರಾಗಿ ದುಡಿದವರು. ಮಲ್ಲಿಕಾರ್ಜುನ ಮನಸೂರರು ಬಾಲಕನಾಗಿ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ಗುರುವಿನ ಕಿವಿಗೆ ಬಿದ್ದವರು. ಮುಂದೆ ವಚನಗಳನ್ನು ಅವರು ಹಾಡಿದಾಗ ಶರಣರ ಮಾತಿಗೆ ಹಿಂದುಸ್ತಾನಿಯ ಶ್ವಾಸ ದೊರೆಯಿತು. ಆ ಶ್ವಾಸ ಮೊದಲು ಪಳಗಿದ್ದು ರಂಗದ ಮೇಲೆ ಎಂಬುದನ್ನು ವಚನಗಾಯನವನ್ನು ಮೆಚ್ಚುವವರು ನೆನೆಯುವುದು ಅಪರೂಪ.

ಈ ಕಥೆಯ ಕೇಂದ್ರದಲ್ಲಿ ನಾವು ಇಬ್ಬರು ಸಹೋದರಿಯರನ್ನು ಕಾಣುತ್ತೇವೆ. ಅಮೀರಬಾಯಿ ಮತ್ತು ಗೋಹರಬಾಯಿ, ಇಬ್ಬರೂ ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಇಬ್ಬರೂ ‘ಕರ್ನಾಟಕಿ’ ಎಂದೇ ಹೊರನಾಡಿನಲ್ಲಿ ಹೆಸರಾದವರು. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿಯನ್ನು ಸೇರಿ ಮುಂದೆ ಅವರ ಬಾಳಸಂಗಾತಿಯಾದರು. ಆ ಕಂಪನಿಯ 1931ರ ‘ಕಾನ್ಹೋಪಾತ್ರಾ’ ನಾಟಕವು ನಮ್ಮ ಗಡಿಗೆ ಸಮೀಪದ ಮಂಗಳವೇಢೆಯ ಸಂತಳೊಬ್ಬಳ ಕಥೆ. ಗಣಿಕೆಯ ಮಗಳಾದ ಆಕೆ ಪಂಢರಪುರದ ವಿಠ್ಠಲನ ಪಾದದಲ್ಲಿ ಆಶ್ರಯ ಬೇಡಿದವಳು. ವಾರಕರಿಗಳ ಅಭಂಗವು ಟಿಕೆಟ್ಟಿನ ರಂಗಕ್ಕೆ ಏರಿತು. ಪ್ರೇಕ್ಷಕರು ಕಣ್ಣೀರಿಟ್ಟು ಕೇಳಿದರು. ಆದರೆ ರಂಗದ ಮೇಲಿನ ಗಣಿಕೆಯ ಮಗಳಿಗೆ ಅತ್ತ ಸಮಾಜವೇ ಬಾಲಗಂಧರ್ವರ ಬದುಕಿಗೆ ಬಂದ ಅನ್ಯಮತದ, ಅನ್ಯಭಾಷೆಯ ಗಾಯಕಿಯನ್ನು ದೂರಿತು. ಮೊರೆಗೆ ಮರುಗುವುದು ಸುಲಭ, ಮೊರೆಯಿಡುವವಳನ್ನು ಒಳಗೆ ಕರೆಯುವುದು ಕಷ್ಟ. ಲೂಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಸಿಮೋನನ ಮನೆಯ ಊಟದ ಪಂಕ್ತಿಯಲ್ಲಿ ನಡೆದದ್ದೂ ಇದೇ.

ಅಮೀರಬಾಯಿ ಮುಂಬಯಿಗೆ ಹೋಗಿ ಬೆಳ್ಳಿತೆರೆಯನ್ನು ಸೇರಿದರು. 1943ರ ‘ಕಿಸ್ಮತ್’ ಚಿತ್ರ ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅನಿಲ್ ಬಿಸ್ವಾಸರ ಸಂಗೀತ, ಅಮೀರಬಾಯಿಯ ಕಂಠ. ಕಳ್ಳನೊಬ್ಬನ ಕಥೆಯ ಆ ಚಿತ್ರದಲ್ಲಿ ಕೃಷ್ಣನನ್ನು ಕರೆದು, ನೀನಲ್ಲದೆ ಇನ್ನಾರೂ ಇಲ್ಲವೆಂಬ ಭಾವದಲ್ಲಿ ಬೇಡುವ ಹಾಡೊಂದಿದೆ. ಬೀಳಗಿಯ ಮುಸ್ಲಿಂ ಹೆಣ್ಣುಮಗಳು, ಬೊಂಬಾಯಿಯ ಸ್ಟುಡಿಯೊ, ಗೋಕುಲದ ದೇವರು, ನಾಡೆಲ್ಲ ಹರಡಿದ ಗ್ರಾಮೊಫೋನ್ ತಟ್ಟೆ. ಇದು ಭಕ್ತಿಗೀತೆಯೋ ಸಿನಿಮಾ ಗೀತೆಯೋ? ಹಾಡನ್ನು ಕೇಳಿನೋಡಿದರೆ ಆಕೆಯ ಕಂಠ ಈ ವ್ಯತ್ಯಾಸವನ್ನು ಅರಿಯದೆಂದು ತಿಳಿಯುತ್ತದೆ. ಅದು ಬೇಡುತ್ತದೆ, ಅಷ್ಟೆ. ಗುಜರಾತಿನ ನರಸೀ ಮೆಹ್ತಾರ ಪ್ರಸಿದ್ಧ ಭಜನೆಯನ್ನೂ ಅದೇ ಕಂಠ ಹಾಡಿದೆ. ವಿಜಯಪುರ ನಗರದಲ್ಲಿ ಆಕೆ ಕಟ್ಟಿಸಿದ ಅಮೀರ್ ಟಾಕೀಜು ಊರಿನವರಿಗೆಲ್ಲ ಪರಿಚಿತ. ಆಕೆಯ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಬರೆದ ಪುಸ್ತಕವನ್ನು ಗುರುವಿದ್ಯಾರ್ಥಿಗಳು ಓದಬೇಕೆಂದು ನಾವು ಬಯಸುತ್ತೇವೆ. ಅಮೀರಬಾಯಿ 1965ರಲ್ಲಿ ತೀರಿಕೊಂಡರು.

ಸ್ಯಾಮ್ ಕುಕ್‌ನ ಸಭೆಯಂತೆ ಅಥವಾ ಗೋಹರಬಾಯಿಯನ್ನು ದೂರಿದವರಂತೆ ನಡೆದುಕೊಳ್ಳದ ಒಂದು ಮಠಪರಂಪರೆಯನ್ನು ಇಲ್ಲಿ ಹೇಳಲೇಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ರೇ ಚಾರ್ಲ್ಸ್‌ನಂತೆ ಇಬ್ಬರೂ ಅಂಧರು, ಅಂಧ ಮತ್ತು ಅನಾಥ ಮಕ್ಕಳಿಗೆ ಸಂಗೀತ ಕಲಿಸಿದರು. ಆ ಮಕ್ಕಳ ಅನ್ನಕ್ಕಾಗಿ ಆಶ್ರಮವೇ ನಾಟಕ ಕಂಪನಿಯನ್ನು ನಡೆಸಿತು. ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರು. ಪ್ರಾರ್ಥನೆ, ರಾಗಾಭ್ಯಾಸ, ರಂಗತಾಲೀಮು ಒಂದೇ ಅಂಗಳದಲ್ಲಿ ನಡೆದವು. ಅಲ್ಲಿ ಕಲಿತವನು ರಂಗಕ್ಕೆ ಹೋದರೆ ಮಠವನ್ನು ಬಿಟ್ಟಂತಾಗಲಿಲ್ಲ. ಮೂರು ತೊರೆಗಳೂ ಒಂದೇ ಮನೆಯವರ ಕಣ್ಣಳತೆಯಲ್ಲಿ ಹರಿದ ಇಂಥ ನಿದರ್ಶನ ಸೋಲ್ ಸಂಗೀತದ ಚರಿತ್ರೆಯಲ್ಲಿಯೂ ನಮಗೆ ಕಾಣಸಿಕ್ಕಿಲ್ಲ.

ಧರ್ಮಸಭೆಯ ಅಳತೆಗೋಲು

ಹಾಡಿನ ಸೊಗಸು ಹಾಡಲ್ಪಡುವ ಸತ್ಯಕ್ಕಿಂತ ಮುಂದೆ ಹೋಗಿ ನಿಲ್ಲುವುದೆಂಬ ಅಂಜಿಕೆ ಹಳೆಯದು. ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಇದರ ಬಗೆಗೆ ಎರಡು ಮನಸ್ಸಿನಲ್ಲೇ ಉಳಿಯುತ್ತಾರೆ: ದೇವಾಲಯದ ಗಾಯನದಿಂದ ತಾವು ಅತ್ತದ್ದನ್ನು ನೆನೆಯುತ್ತಾರೆ, ಆ ಸುಖಕ್ಕೆ ಹೆದರುತ್ತಾರೆ, ಕೊನೆಗೆ ಗಾಯನವೇ ಬೇಡವೆನ್ನಲಾರರು. 1562ರಲ್ಲಿ ತ್ರೆಂತ್ ಮಹಾಸಭೆ ಕಾಮುಕವೂ ಅಶುದ್ಧವೂ ಆದುದನ್ನು ದೇವಾಲಯದ ಸಂಗೀತದಿಂದ ದೂರವಿಡಲು ಆದೇಶಿಸಿತು. 1903ರಲ್ಲಿ ಪೋಪ್ ಹತ್ತನೆಯ ಪಿಯುಸರು ಪಿಯಾನೊವನ್ನೂ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದರು. ಇವೆಲ್ಲದರ ನಡುವೆಯೇ ಹದಿನೈದು–ಹದಿನಾರನೆಯ ಶತಮಾನಗಳಲ್ಲಿ ಆಯುಧ ತೊಟ್ಟ ಭಟನನ್ನು ಕುರಿತ ಬೀದಿಹಾಡೊಂದರ ಮೇಲೆ ದ್ಯೂಫೆ, ಜೋಸ್ಕಾಂ, ಪಲೆಸ್ತ್ರೀನರು ಬಲಿಪೂಜೆಯ ಸಂಗೀತವನ್ನೇ ಕಟ್ಟಿದ್ದರು. ಪ್ರಭುವಿನ ಯಾತನೆಯ ಪ್ರಸಿದ್ಧ ಜರ್ಮನ್ ಗೀತೆಯ ಮಟ್ಟು ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಒಲವಿನ ಹಾಡಿನದು. ಬಾಖ್‌ನ ಮತ್ತಾಯನ ಯಾತನಾಸಂಗೀತದಲ್ಲಿ ಅದನ್ನು ಕೇಳುವ ಯಾರಿಗೂ ಇಂದು ಆ ಹೆಣ್ಣಿನ ನೆನಪಾಗದು.

ಪವಿತ್ರ ಗ್ರಂಥದ ಒಳಗೇ ಪರಮಗೀತೆಯಿದೆ. ಪ್ರಿಯ ಪ್ರಿಯೆಯರ ಹಾಡುಗಳ ಈ ಹೊತ್ತಗೆಯ ಮೇಲೆ ಸಂತ ಬರ್ನಾರ್ಡರು 86 ಪ್ರಬೋಧನೆಗಳನ್ನು ನೀಡಿದರೂ ಮೂರನೆಯ ಅಧ್ಯಾಯದ ಆರಂಭವನ್ನು ದಾಟಲಿಲ್ಲ. ಒಲವಿನ ಕರೆಯೊಳಗೆ ಆತ್ಮದ ಕರೆ ಕೇಳಿದ್ದರಿಂದಲೇ ಅಷ್ಟು ನಿಂತರು. ‘ಶರಣಸತಿ ಲಿಂಗಪತಿ’ ಎಂಬ ನುಡಿಯನ್ನು ಕೇಳಿ ಬೆಳೆದ ನಮ್ಮ ನಾಡಿಗೆ ಇದು ಹೊಸತಲ್ಲ. ಆದ್ದರಿಂದ ರೇ ಚಾರ್ಲ್ಸ್ ಮಾಡಿದ್ದು ಅಪೂರ್ವವಾದ ಅಪರಾಧವೆಂದು ನಾವು ಹೇಳಲಾರೆವು. ಎರಡೂ ದಿಕ್ಕಿನ ಸಂಚಾರವಿದ್ದ ದಾರಿಯಲ್ಲಿ ಅವನು ಒಂದು ದಿಕ್ಕಿನಲ್ಲಿ ನಡೆದ.

ಹಾಗಾದರೆ ಎಲ್ಲ ಮಟ್ಟುಗಳೂ ಬಲಿಪೂಜೆಗೆ ಸಲ್ಲುತ್ತವೆಯೇ? ಸಲ್ಲುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ದೈವಾರಾಧನೆಯನ್ನು ಕುರಿತ ಸಂವಿಧಾನ (1963) ತನ್ನ 112ನೆಯ ಪರಿಚ್ಛೇದದಲ್ಲಿ ನಮಗೆ ಅಳತೆಗೋಲನ್ನು ಕೊಟ್ಟಿದೆ: ಆರಾಧನಾ ಕ್ರಿಯೆಯೊಡನೆ ಸಂಗೀತದ ನಂಟು ಎಷ್ಟು ನಿಕಟವೋ ಅಷ್ಟು ಅದು ಪವಿತ್ರ. ಮಟ್ಟಿನ ಹುಟ್ಟೂರು ಯಾವುದೆಂದು ಅಲ್ಲಿ ಕೇಳಿಲ್ಲ; ಬಲಿಪೂಜೆಯಲ್ಲಿ ಅದು ಯಾವ ಕೆಲಸ ಮಾಡುತ್ತದೆ ಎಂದು ಕೇಳಿದೆ. ಹೋದ ತಿಂಗಳು ಬಿಡುಗಡೆಯಾದ ಚಿತ್ರದ ಹಾಡಿನ ಮಟ್ಟಿಗೆ ಸ್ತುತಿಯನ್ನು ಕೂಡಿಸಿದಾಗ ತೊಂದರೆಯಾಗುವುದು ಮಟ್ಟು ಅಶುದ್ಧವೆಂದಲ್ಲ. ಸಭೆಯ ನೆನಪು ಇನ್ನೂ ಹಸಿಯಾಗಿದೆ ಎಂದು. ಜನರ ಬಾಯಿ ಸ್ತುತಿಯನ್ನು ಹಾಡಿದರೆ ಮನಸ್ಸು ನಾಯಕನ ಕುಣಿತವನ್ನು ನೋಡುತ್ತಿರುತ್ತದೆ. ಹಾಸ್ಲರನ ಹಾಡಿನ ನೆನಪು ಆರಿತು, ಮಟ್ಟು ಉಳಿಯಿತು. ಆರಲು ಕಾಲ ಬೇಕು. ಇನ್ನು ಹಾಡುವವನ ಪ್ರಶ್ನೆ. ಶನಿವಾರದ ಆರ್ಕೆಸ್ಟ್ರಾ ಅವನ ಅನ್ನ. ಅದಕ್ಕಾಗಿ ಅವನನ್ನು ಗಾಯಕವೃಂದದಿಂದ ದೂರವಿಡುವ ಧರ್ಮಕೇಂದ್ರವು ಆ ಅನ್ನಕ್ಕೆ ಬದಲಿಯಾಗಿ ಏನು ಕೊಡುತ್ತದೆ ಎಂದು ಕೇಳುವ ಹಕ್ಕು ಅವನಿಗಿದೆ. ಗದಗಿನ ಆಶ್ರಮ ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು.

ಅದೇ ಸಂವಿಧಾನದ 119ನೆಯ ಪರಿಚ್ಛೇದವು, ಜನರ ಸಂಗೀತ ಪರಂಪರೆಗೆ ತಕ್ಕ ಸ್ಥಾನವಿರಬೇಕು, ಅದಕ್ಕಾಗಿ ಮಿಷನರಿಗಳಿಗೆ ಆ ಸಂಗೀತದ ಶಿಕ್ಷಣ ದೊರೆಯಬೇಕು ಎನ್ನುತ್ತದೆ. ವಿಜಯಪುರ ಸೀಮೆಯಲ್ಲಿ ಇದಕ್ಕೆ ಬಹುಶಃ ಅತ್ಯಂತ ಕಠಿಣವಾದ ಪರೀಕ್ಷೆ ಮೊಹರಂ ರಿವಾಯತ್ ಪದಗಳದು. ಕರ್ಬಲಾದಲ್ಲಿ ಮಡಿದ ಹುಸೇನರ ಶೋಕವನ್ನು ಕನ್ನಡದಲ್ಲಿ, ಮುಸ್ಲಿಮರೂ ಹಿಂದೂಗಳೂ ಕೂಡಿ, ಹೆಜ್ಜೆ ಹಾಕುತ್ತ ಹಾಡುವ ಪದಗಳಿವು. ಬಾಯಾರಿದ ಮಗು, ಕಾದ ಮರಳು, ಮಗನನ್ನು ಕಳೆದುಕೊಂಡ ತಾಯಿ. ಶುಭ ಶುಕ್ರವಾರದ ಶಿಲುಬೆಯ ಹಾದಿಗೆ ಈ ಮಟ್ಟು ಎಷ್ಟು ಹೊಂದುತ್ತದೆಂಬುದನ್ನು ಕೇಳಿದ ತಕ್ಷಣ ತಿಳಿಯಬಹುದು; ಅದನ್ನು ಬಳಸಬೇಕೆಂಬ ಉತ್ಸಾಹ ಗುರುವಿದ್ಯಾರ್ಥಿಗಳಲ್ಲಿ ಇರುವುದೂ ಸಹಜ. ಆದರೆ ಇಲ್ಲಿ ನೆನಪು ಸಿನಿಮಾದ ನೆನಪಲ್ಲ, ನೆರೆಯವರ ಸೂತಕದ ನೆನಪು. ಅದು ಆರಲಿ ಎಂದು ಕಾಯುವಂಥದೂ ಅಲ್ಲ. ಆ ಮಟ್ಟನ್ನು ಎತ್ತಿಕೊಳ್ಳುವ ಮೊದಲು ಊರಿನ ರಿವಾಯತ್ ಮೇಳದ ಹಿರಿಯರ ಬಳಿಗೆ ಹೋಗಿ, ಅವರ ಹತ್ತು ದಿನಗಳ ಹಾಡನ್ನು ಅವರ ಜೊತೆ ಕುಳಿತು ಕೇಳಿ, ಅನಂತರ ಅವರನ್ನೇ ವಿಚಾರಿಸುವುದು ಸರಿಯಾದ ಕ್ರಮ. ಬೇಡವೆಂದು ಅವರು ಹೇಳಿದರೆ ನಮ್ಮ ಶುಭ ಶುಕ್ರವಾರವನ್ನು ಬೇರೆ ಮಟ್ಟಿನಲ್ಲಿ ಹಾಡಬೇಕಾಗುತ್ತದೆ.